ಬಣ್ಣದ ನೀರಿಗೆ ಯಾವ ಅಧಿಶೋಷಕ? ಐದರ ಹೋಲಿಕೆ

ಮಂಡ್ಯ ಜಿಲ್ಲೆಯಲ್ಲಿ ಕಬ್ಬಿನ ಸಿಪ್ಪೆಗೂ ಭತ್ತದ ಹೊಟ್ಟಿಗೂ ಬರವಿಲ್ಲ. ಹಾಗಾಗಿ ಡೈಯಿಂಗ್ ಘಟಕಗಳ ತ್ಯಾಜ್ಯನೀರಿನಿಂದ ಬಣ್ಣ ತೆಗೆಯುವ ಪ್ರಯೋಗಕ್ಕೆ ಕೈಹಾಕಿದಾಗ, ಆಲೆಮನೆಯಿಂದ ತಂದ ಸಿಪ್ಪೆಯ ಸಕ್ರಿಯ ಇಂಗಾಲ, ಅಕ್ಕಿ ಗಿರಣಿಯ ಬಾಯ್ಲರ್ ಬೂದಿ, ಮಾರುಕಟ್ಟೆಯಲ್ಲಿ ಸಿಗುವ ತೆಂಗಿನ ಚಿಪ್ಪಿನ ಸಕ್ರಿಯ ಇಂಗಾಲ, ಬೆಂಟೊನೈಟ್ ಜೇಡಿಮಣ್ಣು ಮತ್ತು ಸಿಗಡಿ ಚಿಪ್ಪಿನಿಂದ ತಯಾರಾಗುವ ಕೈಟೋಸಾನ್ ಮಣಿಗಳು, ಈ ಐದು ಅಧಿಶೋಷಕಗಳನ್ನೂ (ಬಣ್ಣವನ್ನು ತಮ್ಮ ಮೇಲ್ಮೈಗೆ ಹಿಡಿದುಕೊಳ್ಳುವ ವಸ್ತುಗಳನ್ನು) ಒಟ್ಟಿಗೆ ಪರೀಕ್ಷಿಸಿದೆ. ನೀರು ಮೂರು ಬಗೆಯದು: ಪ್ರಯೋಗಾಲಯದಲ್ಲೇ ಕದಡಿದ ಮೆಥಿಲೀನ್ ಬ್ಲೂ ದ್ರಾವಣ, ಹತ್ತಿ ನೂಲಿಗೆ ರಿಯಾಕ್ಟಿವ್ ಬಣ್ಣ ಹಾಕಿದ ಮೇಲೆ ಉಳಿದ ನೀರು, ರೇಷ್ಮೆಗೆ ಆ್ಯಸಿಡ್ ಬಣ್ಣ ಹಾಕಿದ ತೊಟ್ಟಿಯ ನೀರು.

ಮೆಥಿಲೀನ್ ಬ್ಲೂ ಪರೀಕ್ಷೆಯಲ್ಲಿ ಬೆಂಟೊನೈಟನ್ನು ಮೀರಿಸಿದ್ದು ಯಾವುದೂ ಇರಲಿಲ್ಲ. ಕಡುನೀಲಿ ದ್ರಾವಣಕ್ಕೆ ಚಿಟಿಕೆ ಮಣ್ಣು ಹಾಕಿ ಕಲಕುತ್ತಿದ್ದಂತೆಯೇ ನೀಲಿಯೆಲ್ಲ ಮಣ್ಣಿಗೆ ಹತ್ತಿತು. ಈ ಬಣ್ಣದ ಅಣು ಧನ ಆವೇಶದ್ದು, ಜೇಡಿಯ ಪದರಗಳು ಋಣ ಆವೇಶದವು, ಆದ್ದರಿಂದ ಇದರಲ್ಲಿ ಆಶ್ಚರ್ಯವೇನಿಲ್ಲ. ಉಳಿದ ಬಣ್ಣವನ್ನು 664 ನ್ಯಾನೊಮೀಟರ್ ತರಂಗಾಂತರದ ಬೆಳಕಿನಲ್ಲಿ ಅಳೆಯುವ ಮುನ್ನ ದ್ರಾವಣವನ್ನು ಫಿಲ್ಟರ್ ಪೇಪರಿನಲ್ಲಿ ಸೋಸಬಾರದು; ಕಾಗದವೇ ನೀಲಿಯನ್ನು ಹೀರಿ ಅಧಿಶೋಷಕಕ್ಕೆ ಸಲ್ಲದ ಹೆಗ್ಗಳಿಕೆ ತಂದುಕೊಡುತ್ತದೆ. ಸೆಂಟ್ರಿಫ್ಯೂಜಿನಲ್ಲಿ ವೇಗವಾಗಿ ತಿರುಗಿಸಿ ಹುಡಿಯನ್ನು ಬೇರ್ಪಡಿಸುವುದೇ ಸರಿ. ಮೆಥಿಲೀನ್ ಬ್ಲೂ ಒಂದರಲ್ಲೇ ಪರೀಕ್ಷಿಸಿ ಶೇಕಡಾ 99 ಎಂದು ಘೋಷಿಸುವ ಬರಹಗಳನ್ನು ನಾನು ಅಷ್ಟಾಗಿ ನೆಚ್ಚುವುದಿಲ್ಲ, ಏಕೆಂದರೆ ಹತ್ತಿ ಮತ್ತು ರೇಷ್ಮೆಯ ತೊಟ್ಟಿಗಳಿಂದ ಹರಿದು ಬರುವ ಬಣ್ಣಗಳು ಬಹುಪಾಲು ಋಣ ಆವೇಶದವು.

ರಿಯಾಕ್ಟಿವ್ ಬಣ್ಣದ ನೀರಿನಲ್ಲಿ ಲೆಕ್ಕ ತಲೆಕೆಳಗಾಯಿತು. ಬೆಂಟೊನೈಟ್ ಬಣ್ಣವನ್ನು ಮುಟ್ಟಲೇ ಇಲ್ಲ, ನೀರನ್ನು ಮಾತ್ರ ರಾಡಿ ಮಾಡಿತು. ಬೂದಿಯ ವಿಷಯ ಚಿಕ್ಕದು: ಅದರಲ್ಲಿ ಬಹುಭಾಗ ಸಿಲಿಕಾ, ಬಣ್ಣ ಹಿಡಿದದ್ದು ಅರೆಬೆಂದು ಉಳಿದ ಕರಿಯ ಭಾಗ, ಚೆನ್ನಾಗಿ ಬೆಂದ ಬಿಳಿಯ ಬೂದಿಯಿಂದ ಏನೂ ಆಗಲಿಲ್ಲ.

ನಿಜವಾದ ಪೈಪೋಟಿ ಎರಡು ಇಂಗಾಲಗಳ ನಡುವೆ. ತೆಂಗಿನ ಚಿಪ್ಪಿನ ಇಂಗಾಲಕ್ಕೆ ಗ್ರಾಮಿಗೆ ಸಾವಿರ ಚದರ ಮೀಟರಿನ ಆಸುಪಾಸು ಮೇಲ್ಮೈ ಇರಬಹುದಾದರೂ ಅದರ ರಂಧ್ರಗಳಲ್ಲಿ ಹೆಚ್ಚಿನವು 2 ನ್ಯಾನೊಮೀಟರಿಗಿಂತ ಕಿರಿದು. ಮೆಥಿಲೀನ್ ಬ್ಲೂವಿನ ಅಣುತೂಕ ಸುಮಾರು 320, ರಿಯಾಕ್ಟಿವ್ ಬ್ಲಾಕ್ 5 ಎಂಬ ಹತ್ತಿಯ ಕಪ್ಪು ಬಣ್ಣದ್ದು 992ರ ಹತ್ತಿರ. ಇಷ್ಟು ದೊಡ್ಡ ಅಣುವಿಗೆ ಆ ಮೇಲ್ಮೈಯಲ್ಲಿ ಎಷ್ಟು ಭಾಗ ಎಟುಕೀತು? ಕಬ್ಬಿನ ಸಿಪ್ಪೆಯನ್ನು ಫಾಸ್ಫಾರಿಕ್ ಆಮ್ಲದಲ್ಲಿ ನೆನೆಸಿ, ಒಣಗಿಸಿ, ಮುಚ್ಚಿದ ಮೂಸೆಯಲ್ಲಿ 500 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕಾಯಿಸಿದಾಗ 2ರಿಂದ 50 ನ್ಯಾನೊಮೀಟರಿನ ಮಧ್ಯಮ ರಂಧ್ರಗಳು ಧಾರಾಳವಾಗಿ ಮೂಡುತ್ತವೆ, ಅದಕ್ಕೇ ಅದು ಅದೇ ತೂಕದ ಚಿಪ್ಪಿನ ಇಂಗಾಲಕ್ಕಿಂತ ಬೇಗ ನೀರನ್ನು ತಿಳಿಗೊಳಿಸಿತು. ಡೈಯಿಂಗಿಗೆ ಬಳಸುವ ಉಪ್ಪು ಕೂಡ ಇಲ್ಲಿ ನೆರವಿಗೆ ಬರುತ್ತದೆ: ಕ್ಷಾರೀಯ ನೀರಿನಲ್ಲಿ ಇಂಗಾಲದ ಮೇಲ್ಮೈಯೂ ಬಣ್ಣವೂ ಋಣ ಆವೇಶ ಹೊತ್ತು ಪರಸ್ಪರ ದೂಡುವಾಗ ಉಪ್ಪಿನ ಅಯಾನುಗಳು ಆ ವಿಕರ್ಷಣೆಯನ್ನು ತಗ್ಗಿಸುತ್ತವೆ. ಆದರೆ ಆಮ್ಲ ಪೂರ್ತಿ ಹೋಗುವವರೆಗೆ ಇಂಗಾಲವನ್ನು ತೊಳೆಯಲು ಬೇಕಾದ ನೀರು ಕಡಿಮೆಯದಲ್ಲ (ನೀರು ಶುದ್ಧಮಾಡಲು ಹೊರಟವರಿಗೆ ಇದು ಮುಜುಗರದ ಸಂಗತಿ). ಜೊತೆಗೆ ಸಿಪ್ಪೆಯ ಇಂಗಾಲ ಬೆರಳಲ್ಲಿ ಒತ್ತಿದರೆ ಹುಡಿಯಾಗುತ್ತದೆ. ನೀರು ಮೇಲಿನಿಂದ ಇಳಿಯುವ ಕೊಳವೆಗೆ (ಕಾಲಂಗೆ) ತುಂಬಿದರೆ ಕಟ್ಟಿಕೊಂಡು ನೀರು ಇಳಿಯುವುದೇ ಇಲ್ಲ. ಚಿಪ್ಪಿನ ಹರಳುಗಳು ಗಟ್ಟಿ, ಅವುಗಳ ನಡುವೆ ನೀರು ಸರಾಗವಾಗಿ ಇಳಿಯುತ್ತದೆ.

ರೇಷ್ಮೆಯ ತೊಟ್ಟಿಗೆ ಸಾಮಾನ್ಯವಾಗಿ ಅಸಿಟಿಕ್ ಆಮ್ಲ ಹಾಕುವುದರಿಂದ ಆ ನೀರಿನ ಪಿಎಚ್ 4–5ರ ಆಸುಪಾಸಿನಲ್ಲಿರುತ್ತದೆ. ಅಲ್ಲಿ ಕೈಟೋಸಾನಿನ ಅಮೈನೊ ಗುಂಪುಗಳು ಧನ ಆವೇಶ ಪಡೆಯುತ್ತವೆ. ಬಿಳಿಯ ಮಣಿಗಳು ಅಂಚಿನಿಂದ ಒಳಕ್ಕೆ ಕೆಂಪೇರುತ್ತಾ ಹೋದದ್ದನ್ನು ಕಣ್ಣಾರೆ ಕಾಣಬಹುದಿತ್ತು. ಎಳೆಗಳನ್ನು ಒಂದಕ್ಕೊಂದು ಬೆಸೆಯುವ ಗ್ಲುಟರಾಲ್ಡಿಹೈಡ್ ಎಂಬ ರಾಸಾಯನಿಕದಿಂದ ಬಂಧಿಸದ ಮಣಿಗಳು ಮಾತ್ರ ಅದೇ ಆಮ್ಲದಲ್ಲಿ ಲೋಳೆಯಾದವು. ಪಿಎಚ್ 11ರ ಹತ್ತಿ ನೀರಿನಲ್ಲಿ ಕೈಟೋಸಾನ್ ನಿಷ್ಪ್ರಯೋಜಕ, ಮೇಲಾಗಿ ಆ ನೀರಿನ ಸಲ್ಫೇಟ್, ಕ್ಲೋರೈಡ್‌ಗಳೇ ಬಣ್ಣದ ಜಾಗಕ್ಕೆ ಪೈಪೋಟಿಗೆ ಬೀಳುತ್ತವೆ.

ಕೊಳ್ಳುವುದಾದರೆ ಹತ್ತಿ ಬಣ್ಣದ ಘಟಕಕ್ಕೆ ಸದ್ಯ ಚಿಪ್ಪಿನ ಇಂಗಾಲವನ್ನೇ ಹೇಳುತ್ತೇನೆ. ತೊಟ್ಟಿಯಲ್ಲಿ ಕಲಕಿ ತಳಕ್ಕಿಳಿಸುವ ಏರ್ಪಾಡು ಇದ್ದವರು ಮಾತ್ರ ಸಿಪ್ಪೆಯದನ್ನು ನೋಡಬಹುದು. ರೇಷ್ಮೆಯ ಸಣ್ಣ ಶೆಡ್ಡಿಗೆ ಬಂಧಿಸಿದ ಕೈಟೋಸಾನ್ ಮಣಿಗಳು ದುಬಾರಿಯಾದರೂ ಸರಿಹೊಂದುತ್ತವೆ. ಬಣ್ಣ ತುಂಬಿದ ಚಿಪ್ಪಿನ ಇಂಗಾಲವನ್ನು ಹಬೆಯಲ್ಲಿ 800 ಡಿಗ್ರಿಗೂ ಮೇಲೆ ಕಾಯಿಸಿ ಮತ್ತೆ ಬಳಸಲು ಸಾಧ್ಯವಿದೆ. ಸಿಪ್ಪೆಯ ಹುಡಿಯಲ್ಲಿ ಆ ಅನುಕೂಲವಿಲ್ಲ. ಕೈಟೋಸಾನ್ ಮಣಿಗಳು ತೆಳುವಾದ ಕ್ಷಾರದಲ್ಲಿ ಹೀರಿದ ಬಣ್ಣವನ್ನು ಬಹುಮಟ್ಟಿಗೆ ಬಿಟ್ಟುಕೊಡುತ್ತವೆ, ಆದರೆ ಆಗ ಕೈಗೆ ಬರುವುದು ಮೊದಲಿಗಿಂತ ಗಾಢವಾದ ಬಣ್ಣದ ನೀರು, ಮತ್ತು ಅದರ ವಿಲೇವಾರಿಗೆ ಘಟಕದವರು ಬೇರೆಯೇ ದಾರಿ ಹುಡುಕಬೇಕಾಗುತ್ತದೆ.