ಕ್ಯಾಮೆರಾ ಹೌಸಿಂಗ್‌ಗೆ ವ್ಯಾಕ್ಯೂಮ್ ಕಿಟ್: ಕೆಲವು ಸೀಸನ್‌ಗಳ ಬಳಕೆಯ ನಂತರ

ಅಂಕ: 5ಕ್ಕೆ 4

ನೀರಿನಡಿ ಫೋಟೊ ತೆಗೆಯಲು ಕ್ಯಾಮೆರಾ ಕೂರಿಸುವ, ನೀರು ನುಗ್ಗದ ಪೆಟ್ಟಿಗೆಯೇ ಹೌಸಿಂಗ್. ಅದರ ಖಾಲಿ ಎಂ14 ಅಥವಾ ಎಂ16 (14 ಅಥವಾ 16 ಮಿ.ಮೀ. ತಿರುಪಿನ) ತೂತಿಗೆ ತಿರುಪಿ ಕೂರಿಸುವ ವಾಲ್ವ್, ಅದರಲ್ಲೇ ಒತ್ತಡದ ಸೆನ್ಸರ್, ಎಲ್‌ಇಡಿ ದೀಪ, ಕಾಯಿನ್ ಸೆಲ್, ಜೊತೆಗೆ ಒತ್ತಡ ತೋರಿಸುವ ಮುಳ್ಳಿರುವ ಒಂದು ಕೈಪಂಪ್. ಕಿಟ್ ಎಂದರೆ ಇಷ್ಟೇ. ಒಳಗಿನ ಗಾಳಿಯನ್ನು ಸ್ವಲ್ಪ ಎಳೆದು ತೆಗೆದು, ಆ ನಿರ್ವಾತ ನಿಲ್ಲುತ್ತದೆಯೇ ಎಂದು ನೋಡುವುದು ಇದರ ಕೆಲಸ. ಹೌಸಿಂಗ್ ಒಳಗಿನ ತೇವದ ಅಲಾರಂ ಕೂಗುವುದು ನೀರು ನುಗ್ಗಿದ ಮೇಲೆ. ಇದು ನೀರಿಗಿಳಿಯುವ ಮೊದಲೇ ಹೇಳುತ್ತದೆ. ಕೊಟ್ಟ ದುಡ್ಡಿಗೆ ಆ ಒಂದು ಕಾರಣ ಸಾಕು.

ಕ್ಯಾಮೆರಾ ಕೂರಿಸಿ, ಹೌಸಿಂಗ್ ಮುಚ್ಚಿ, ಮುಳ್ಳು 10 ಇಂಚು ಪಾದರಸ ತೋರಿಸುವವರೆಗೆ ಪಂಪ್ ಮಾಡಿ. ಅದು ಸುಮಾರು 340 ಮಿಲಿಬಾರ್. ತಯಾರಕರು ಇದಕ್ಕಿಂತ ಕಡಿಮೆ ಮಿತಿ ಹೇಳಿದ್ದರೆ ಅಲ್ಲಿಗೇ ನಿಲ್ಲಿಸಿ. ಪಂಪ್ ಮಾಡಿದ ತಕ್ಷಣದ ರೀಡಿಂಗ್ ಬರೆದುಕೊಳ್ಳಬೇಡಿ. ಹಿಗ್ಗಿ ತಣ್ಣಗಾದ ಗಾಳಿ ಮತ್ತೆ ಬೆಚ್ಚಗಾಗುವಾಗ ಮುಳ್ಳು ಕೊಂಚ ಇಳಿಯುತ್ತದೆ, ಅದು ಸೋರಿಕೆಯಲ್ಲ. ಐದು ನಿಮಿಷ ಬಿಟ್ಟು ಗುರುತು ಹಾಕಿ, ಕನಿಷ್ಠ ಅರ್ಧ ಗಂಟೆ ಇಡಿ. ಓ-ರಿಂಗ್ (ಸಂದಿ ಮುಚ್ಚುವ ರಬ್ಬರ್ ಬಳೆ) ಮೇಲೆ ಸಿಕ್ಕ ಒಂದು ತಲೆಗೂದಲು ಹತ್ತು ನಿಮಿಷದಲ್ಲಿ ಬಯಲಾಗದೇ ಹೋಗಬಹುದು, ಹಾಗಾಗಿ ಹಿಂದಿನ ರಾತ್ರಿಯೇ ಪಂಪ್ ಮಾಡಿಡುವುದು ಇನ್ನೂ ಒಳ್ಳೆಯದು. ನಡುವೆ ಪ್ರತಿ ಬಟನ್ ಒತ್ತಿ, ಜೂಮ್ ಚಕ್ರವನ್ನು ಎರಡೂ ಕಡೆ ತಿರುಗಿಸಿ. ಬಟನ್‌ನ ಸರಳಿಗೆ ಉಪ್ಪಿನ ಹರಳು ಮೆತ್ತಿಕೊಂಡಿದ್ದರೆ ಸುಮ್ಮನಿದ್ದಾಗ ಬಿಗಿಯಾಗಿರುವ ಸೀಲ್ ಅಲುಗಿದಾಗ ಗಾಳಿ ಬಿಡುತ್ತದೆ.

ಇನ್ನು ದೊಡ್ಡ ಗೊಂದಲ: ಮುಳ್ಳು ಸುಳ್ಳು ಹೇಳುವುದಿಲ್ಲ, ಆದರೆ ಅದು ತೋರಿಸುವುದು ಒಳಗಿನ ಮತ್ತು ಹೊರಗಿನ ಒತ್ತಡದ ವ್ಯತ್ಯಾಸವನ್ನು ಮಾತ್ರ. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಡೈವ್‌ಗೆಂದು ಬೆಂಗಳೂರಿನಲ್ಲೇ ಪಂಪ್ ಮಾಡಿ ಹೊರಡುವವರು ಇದನ್ನು ಗಮನಿಸಬೇಕು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ 910 ಮಿಲಿಬಾರ್ ಆಸುಪಾಸು, ಮುರುಡೇಶ್ವರದ ಕಡಲ ದಂಡೆಯಲ್ಲಿ 1010. ಮೇಲೆ 10 ಇಂಚಿಗೆ ನಿಲ್ಲಿಸಿದ ಮುಳ್ಳು ಘಟ್ಟ ಇಳಿದ ಮೇಲೆ 13ರ ಹತ್ತಿರ ತೋರಿಸಬೇಕು. ಅಲ್ಲೂ 10ರಲ್ಲೇ ಇದ್ದರೆ ಖುಷಿಪಡಬೇಡಿ, ದಾರಿಯಲ್ಲಿ ಗಾಳಿ ನುಗ್ಗಿದೆ. ದಂಡೆಯಲ್ಲೇ ಹೊಸದಾಗಿ ಪಂಪ್ ಮಾಡಿದರೆ ಈ ಲೆಕ್ಕಾಚಾರದ ತಲೆನೋವೇ ಇಲ್ಲ.

ಬಿಸಿಲಿನದ್ದು ಇದಕ್ಕೆ ಉಲ್ಟಾ. ಏಸಿ ಕೋಣೆಯ 24 ಡಿಗ್ರಿಯಿಂದ ದೋಣಿಯ ಮೇಲಿನ 38 ಡಿಗ್ರಿಗೆ ಬಂದರೆ ಒಳಗಿನ ಗಾಳಿ ಬಿಸಿಯಾಗಿ, ಸೋರಿಕೆ ಒಂದಿಷ್ಟೂ ಇಲ್ಲದೆಯೇ ಮುಳ್ಳು ಹೆಚ್ಚುಕಡಿಮೆ 1 ಇಂಚು ಇಳಿಯುತ್ತದೆ. ಉಷ್ಣಾಂಶದ ವ್ಯತ್ಯಾಸವನ್ನು ತಾನೇ ಸರಿಹೊಂದಿಸಿಕೊಳ್ಳುವ ಸೆನ್ಸರ್‌ಗಳಿವೆ, ಸಾದಾ ಮುಳ್ಳಿಗೆ ಆ ಬುದ್ಧಿಯಿಲ್ಲ. ದೋಣಿಯಲ್ಲಿ ಹೌಸಿಂಗನ್ನು ಒದ್ದೆ ಟವೆಲ್ ಅಡಿ ನೆರಳಿನಲ್ಲಿಡಿ.

ನಿರ್ವಾತ ನಿಂತಿದೆ ಎಂದು ದೀಪ ಹಸಿರಾಗಿದೆ, ಅಂದರೆ 30 ಮೀಟರ್‌ಗೆ ಹೋಗಬಹುದೇ? ಹಾಗೇನಿಲ್ಲ. 340 ಮಿಲಿಬಾರ್ ಎಂದರೆ ಸುಮಾರು ಮೂರೂವರೆ ಮೀಟರ್ ನೀರಿನ ಭಾರ. 30 ಮೀಟರ್‌ನಲ್ಲಿ ಹೊರಗಿನಿಂದ ಬೀಳುವುದು 3 ಬಾರ್, ಅದರ ಒಂಬತ್ತು ಪಟ್ಟು. ಹಿಂಬಾಗಿಲಿನ ಮುಖ್ಯ ಓ-ರಿಂಗ್ ಆಳಕ್ಕಿಳಿದಷ್ಟೂ ಒತ್ತಿಕೊಂಡು ಬಿಗಿಯಾಗುತ್ತದೆ, ಅದು ಸೋರುವುದಿದ್ದರೆ ಹೆಚ್ಚಾಗಿ ಮೇಲಿನ ನೀರಿನಲ್ಲೇ. ಕಿಟ್ ಹಿಡಿಯುವುದು ಇಂಥ ಸೋರಿಕೆಗಳನ್ನೇ. ಆಳದಲ್ಲಿ ಕೈಕೊಡುವುದು ಸವೆದ ಬಟನ್ ಸೀಲ್, ಲೆನ್ಸ್ ಮುಂದಿನ ಬಿರುಕು ಬಿಟ್ಟ ಅಕ್ರಿಲಿಕ್ ಡೋಮ್ (ಗುಮ್ಮಟ).

ಅವುಗಳನ್ನು ಪತ್ತೆಹಚ್ಚಲು ಬೇಕಿರುವುದು ನೀರು ತುಂಬಿದ ಪ್ರೆಶರ್ ಪಾತ್ರೆ. ಸರ್ವಿಸ್‌ಗೆ ಕೊಟ್ಟಾಗ ಈ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಿ: ಕ್ಯಾಮೆರಾ ಇಲ್ಲದ ಹೌಸಿಂಗ್, ಒಳಗೆ ಟಿಶ್ಯೂ ಕಾಗದ, ಪಾತ್ರೆಯಲ್ಲಿ ಗಾಳಿ ಉಳಿಯದಂತೆ ನೀರು, 40 ಮೀಟರ್‌ಗೆ 4 ಬಾರ್, ಹತ್ತು ನಿಮಿಷ ಹಿಡಿದು ನಿಧಾನವಾಗಿ ಇಳಿಸುವುದು. ಟಿಶ್ಯೂ ಎಲ್ಲಿ ಒದ್ದೆಯಾಗಿದೆಯೋ ಅದರ ಪಕ್ಕದಲ್ಲೇ ದೋಷ. ಮನೆಯಲ್ಲಿ ಕಂಪ್ರೆಸರ್ ಗಾಳಿ ತುಂಬಿ ನೋಡುವ ಸಾಹಸ ಖಂಡಿತ ಬೇಡ. ಅದುಮಿದ ಗಾಳಿ ಪೋರ್ಟನ್ನು (ಲೆನ್ಸ್ ಮುಂದಿನ ಕಿಟಕಿಯನ್ನು) ಕಿತ್ತು ಮುಖಕ್ಕೆ ಎಸೆಯುತ್ತದೆ.

ನಿರ್ವಾತ ನಿಲ್ಲದಿದ್ದರೆ ಸೋಪಿನ ನೀರು ಹಚ್ಚಿ ಗುಳ್ಳೆ ಹುಡುಕಬೇಡಿ, ಅದು ಒಳಕ್ಕೇ ಹೋಗುತ್ತದೆ. ಒಂದೊಂದೇ ಭಾಗವನ್ನು ಲೆಕ್ಕದಿಂದ ಹೊರಗಿಡುತ್ತಾ ಬನ್ನಿ: ಮೊದಲು ವಾಲ್ವ್‌ನದೇ ಓ-ರಿಂಗ್ (ಎಲ್ಲರೂ ಮರೆಯುವುದು ಇದನ್ನೇ), ಬಳಿಕ ಹಿಂಬಾಗಿಲು, ಆಮೇಲೆ ಪೋರ್ಟ್ ತೆಗೆದು ಮುಚ್ಚಳ ಹಾಕಿ ಪರೀಕ್ಷೆ, ಕೊನೆಗೆ ಸ್ಟ್ರೋಬ್ (ನೀರಿನಡಿಯ ಫ್ಲ್ಯಾಶ್) ಕನೆಕ್ಟರ್. ಓ-ರಿಂಗ್ ತೆಗೆಯಲು ಸೂಜಿ, ಪಿನ್ನು ಬೇಡ, ಪ್ಲಾಸ್ಟಿಕ್ ಕಾರ್ಡ್ ಸಾಕು. ಗ್ರೀಸ್ ಮಿನುಗುವಷ್ಟು ತೆಳುವಾಗಿರಲಿ. ಸೀಲ್ ಮಾಡುವುದು ಗ್ರೀಸ್ ಅಲ್ಲ, ಅದು ರಬ್ಬರ್ ಜಾರಲು ಮಾತ್ರ. ಮೆತ್ತಿದಷ್ಟೂ ಮರಳು ಅಂಟುತ್ತದೆ. ಸಿಲಿಕೋನ್ ಓ-ರಿಂಗ್‌ಗೆ ಮಾಮೂಲಿ ಸಿಲಿಕೋನ್ ಗ್ರೀಸ್ ಹಚ್ಚಿದರೆ ಉಬ್ಬಿಕೊಳ್ಳಬಹುದು, ಹೌಸಿಂಗ್ ತಯಾರಕರ ಟ್ಯೂಬನ್ನೇ ಬಳಸಿ.

ಒಂದು ಲಾಭವನ್ನು ಜಾಹೀರಾತಿನವರು ಸಾಕಷ್ಟು ಹೇಳುವುದಿಲ್ಲ. 20×15 ಸೆಂ.ಮೀ. ಹಿಂಬಾಗಿಲನ್ನು ಈ ನಿರ್ವಾತ ಸುಮಾರು 100 ಕೆ.ಜಿ. ಭಾರದಷ್ಟು ಬಲದಿಂದ ಒತ್ತಿ ಹಿಡಿಯುತ್ತದೆ. ದೋಣಿಯಿಂದ ಕೈಗೆ ಕೊಡುವಾಗ ಲ್ಯಾಚ್ ಸಡಿಲಿದರೂ ಬಾಗಿಲು ಬಾಯಿಬಿಡುವುದಿಲ್ಲ.

ಡೈವ್ ಮುಗಿಸಿ ತೆರೆಯುವಾಗ ಆತುರ ಬೇಡ. ವಾಲ್ವ್ ಗುಂಡಿಯಲ್ಲಿ ನಿಂತ ನಾಲ್ಕು ಹನಿ ನೀರು ಗಾಳಿ ಬಿಟ್ಟ ಕ್ಷಣ ನೇರ ಒಳಗೆ, ಕೆಲವೊಮ್ಮೆ ಲೆನ್ಸ್ ಮೇಲೆಯೇ ಬೀಳುತ್ತದೆ. ಮೊದಲು ಸಿಹಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ವಾಲ್ವನ್ನು ಬಟ್ಟೆಯ ತುದಿಯಿಂದ ಒರೆಸಿ, ಆಮೇಲೆ ಗಾಳಿ ಬಿಡಿ. ವಿಮಾನದಲ್ಲಿ ಒಯ್ಯುವಾಗ ವಾಲ್ವ್ ತೆರೆದಿರಲಿ, ಇಲ್ಲವೇ ಮುಖ್ಯ ಓ-ರಿಂಗ್ ತೆಗೆದಿಡಿ.

ಅಂಕ ಕಳೆದಿದ್ದು ಪಂಪ್‌ಗೆ. ಅದರ ಕೊಳವೆ ತುದಿ ಬೇಗ ಬಿಗಿ ಕಳೆದುಕೊಂಡು ಸಡಿಲವಾಗುತ್ತದೆ, ಸೋರುತ್ತಿರುವುದು ಹೌಸಿಂಗೋ ಕೊಳವೆಯೋ ಎಂಬ ಅನುಮಾನ ಹುಟ್ಟಿಸುತ್ತದೆ. ಗ್ಯಾರೇಜ್‌ಗಳಲ್ಲಿ ಬ್ರೇಕ್ ಬ್ಲೀಡ್ ಮಾಡುವ, ಮುಳ್ಳಿರುವ ಕೈಪಂಪ್ ಇದಕ್ಕಿಂತ ಗಟ್ಟಿ, ಸರಿಯಾದ ಅಡಾಪ್ಟರ್ ಸಿಕ್ಕರೆ ಕೆಲಸವೂ ಅದೇ. ಆ್ಯಕ್ಷನ್ ಕ್ಯಾಮೆರಾದ ಪುಟ್ಟ ಡಬ್ಬಿ ಇಟ್ಟುಕೊಂಡವರಿಗೆ ಈ ಕಿಟ್ ಕೂರಿಸಲು ತೂತೇ ಇರುವುದಿಲ್ಲ. ಅವರು ಆ ಹಣದಲ್ಲಿ ಇನ್ನೊಂದು ಡಬ್ಬಿ ಕೊಳ್ಳುವುದು ಮೇಲು.