ಬಯೋಡೀಸೆಲ್ ಹಾಕಿ ಓಡಿಸಲು ಹಳೇ ಡೀಸೆಲ್ ಗಾಡಿ ಕೊಳ್ಳುವವರಿಗೆ

"ಡೀಸೆಲ್ ಇಂಜಿನ್ ಸಾರ್, ಯಾವ ಎಣ್ಣೆ ಹಾಕಿದ್ರೂ ಓಡುತ್ತೆ." ಹಳೇ ಗಾಡಿ ಮಾರುವವನ ಬಾಯಲ್ಲಿ ಈ ಮಾತು ಬಂದರೆ ದಯವಿಟ್ಟು ಅಡ್ವಾನ್ಸ್ ಕೊಡಬೇಡಿ. ನಮ್ಮ ಮನೆಗೆ ಬಂದ ಗಾಡಿಯನ್ನು ಇದೇ ಮಾತು ಹೇಳಿ ಮಾರಿದ್ದರು.

ನಮ್ಮದು ತಿಪಟೂರು ಕಡೆ ತೆಂಗಿನ ತೋಟ. ಬದುವಿನ ತುಂಬ ಹೊಂಗೆ ಮರಗಳಿವೆ. ಹಾಸನದ ಹತ್ತಿರ ಮಡೆನೂರಿನ ಜೈವಿಕ ಇಂಧನ ಪಾರ್ಕ್ ನೋಡಿ ಬಂದಾಗಿನಿಂದ ನನಗೂ ತಮ್ಮನಿಗೂ ಹೊಂಗೆ ಬೀಜದ ಎಣ್ಣೆಯಿಂದ ಮಾಡುವ ಬಯೋಡೀಸೆಲ್‌ನಲ್ಲೇ ಗಾಡಿ ಓಡಿಸುವ ಆಸೆ. ಬೆಂಗಳೂರಿನ ಒಬ್ಬ ಡೀಲರ್ ಹತ್ತಿರ ದೆಹಲಿ ನಂಬರಿನ ಏಳು ಸೀಟಿನ ಗಾಡಿ ಸಿಕ್ಕಿತು. ದೆಹಲಿ ಕಡೆ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದೆಂಬ ನಿಯಮ ಬಂದ ಮೇಲೆ ಅಂಥವು ಎನ್‌ಒಸಿ ಪಡೆದು ನಮ್ಮ ಕಡೆ ಕಡಿಮೆ ರೇಟಿಗೆ ಬರುತ್ತಿವೆ. ಬಯೋಡೀಸೆಲ್‌ಗೆ ಬೇಕು ಅಂತ ಮೊದಲೇ ಹೇಳಿದ್ದೆವು. "ಹಿಂದಿನ ಓನರ್ ಬಯೋ ಹಾಕೇ ಓಡಿಸಿದ್ದು, ಏನೂ ಆಗಿಲ್ಲ" ಎಂದು ಡೀಲರ್ ಭರವಸೆ ಕೊಟ್ಟ.

ಆದದ್ದು ಇಷ್ಟು. ಒಳ್ಳೆಯ ಬಯೋಡೀಸೆಲ್ ತುಂಬಿಸಿದ ಸ್ವಲ್ಪ ದಿನಕ್ಕೇ ಏರಿನಲ್ಲಿ ಗಾಡಿ ಎಳೆಯುವುದನ್ನು ಬಿಟ್ಟಿತು. ಫಿಲ್ಟರ್ ಬಿಚ್ಚಿದರೆ ಒಳಗೆ ಕಪ್ಪು ಗಸಿ. ಹೊಸದು ಹಾಕಿದೆವು, ಅದೂ ಕಟ್ಟಿಕೊಂಡಿತು. ಆಮೇಲೆ ರಿಟರ್ನ್ ಪೈಪಿನ ರಬ್ಬರ್ ಉಬ್ಬಿ ಸೋರಲು ಶುರುವಾಯಿತು. ಕೊನೆಗೆ ಬೆಳಿಗ್ಗೆ ಸ್ಟಾರ್ಟೇ ಆಗದ ಸ್ಥಿತಿ. ತುಮಕೂರಿನ ಪಂಪ್ ರಿಪೇರಿಯವರು ಇಂಜೆಕ್ಟರ್, ಅಂದರೆ ಸಿಲಿಂಡರಿಗೆ ಇಂಧನ ಚಿಮ್ಮಿಸುವ ಭಾಗ, ಬಿಚ್ಚಿ ತೋರಿಸಿದರು. ತುದಿಯ ಮೇಲೆ ವಾರ್ನಿಶ್ ಬಳಿದ ಹಾಗೆ ಗಟ್ಟಿ ಪದರ. "ಇದು ನಿಮ್ಮ ಬಯೋಡೀಸೆಲ್‌ನಿಂದ ಆಗಿದ್ದಲ್ಲ, ಬಹಳ ಹಿಂದಿನದು. ಯಾವುದೋ ಅಗ್ಗದ ಎಣ್ಣೆ ಬೆರೆಸಿ ಓಡಿಸಿದ್ದಾರೆ" ಎಂದರು. ಇಂಜೆಕ್ಟರ್, ಪಂಪು, ಟ್ಯಾಂಕ್ ತೊಳೆಸಿದ್ದು ಎಲ್ಲ ಸೇರಿ ಗಾಡಿಯ ಬೆಲೆಯ ಕಾಲು ಭಾಗಕ್ಕಿಂತ ಜಾಸ್ತಿ ಖರ್ಚಾಯಿತು. ಡೀಲರ್ ಈಗ ಫೋನ್ ಎತ್ತುವುದಿಲ್ಲ.

ಬಯೋಡೀಸೆಲ್‌ಗೆ ಕೊಳೆ ಕರಗಿಸುವ ಗುಣ ಇದೆ. ಟ್ಯಾಂಕಿನ ತಳದಲ್ಲಿ ವರ್ಷಗಟ್ಟಲೆ ಕೂತ ಗಸಿಯನ್ನು ಅದು ಎಬ್ಬಿಸಿ ಫಿಲ್ಟರಿಗೆ ತಂದು ಹಾಕುತ್ತದೆ. ಆದ್ದರಿಂದ ಹಳೇ ಗಾಡಿ ಕೊಳ್ಳುವಾಗ ಮೊದಲು ಫಿಲ್ಟರ್ ಬಿಚ್ಚಿಸಿ, ಒಳಗಿನ ಡೀಸೆಲ್ಲನ್ನು ಗಾಜಿನ ಬಾಟಲಿಗೆ ಸುರಿಸಿ ಗಸಿ ಇದೆಯೇ ನೋಡಿ. ಮಾರುವವನು ಒಪ್ಪದಿದ್ದರೆ ಅಲ್ಲೇ ಉತ್ತರ ಸಿಕ್ಕ ಹಾಗೆ.

ಇನ್ನು ಇಂಜಿನ್. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಮೋಸ ನಡೆಯುವುದೇ ಇಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹಳ್ಳಿಗಳಲ್ಲಿ ಬರೀ ಹೊಂಗೆ ಎಣ್ಣೆಯಿಂದಲೇ ಜನರೇಟರ್ ಓಡಿಸಿ ತೋರಿಸಿದ್ದರು. ಅದು ದೊಡ್ಡ ಕೆಲಸ, ಅದರ ಬಗ್ಗೆ ನನಗೆ ಅಪಾರ ಗೌರವ. ಆದರೆ ಆ ಕಥೆ ಹೇಳಿ ಕಾಮನ್ ರೈಲ್ ಗಾಡಿ, ಅಂದರೆ ಎಲ್ಲ ಇಂಜೆಕ್ಟರ್‌ಗೂ ಒಂದೇ ಪೈಪಿನಿಂದ ಭಾರೀ ಒತ್ತಡದಲ್ಲಿ ಇಂಧನ ಹೋಗುವ ಗಾಡಿ, ಮಾರುವುದು ಅನ್ಯಾಯ. ಜನರೇಟರ್ ಒಂದೇ ವೇಗದಲ್ಲಿ ನಿಧಾನವಾಗಿ ತಿರುಗುತ್ತದೆ, ಅದರ ಪಂಪು ಒರಟು. ಕಾಮನ್ ರೈಲ್‌ನಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತದೆ. ಇಂಜೆಕ್ಟರ್ ಒಳಗಿನ ಸಂದು ಕೆಲವೇ ಮೈಕ್ರಾನ್. ಸ್ವಲ್ಪ ನೀರು, ಸ್ವಲ್ಪ ಗ್ಲಿಸರಿನ್ ಇಂಧನದಲ್ಲಿ ಉಳಿದರೂ ಇಂಜೆಕ್ಟರ್ ತಾಳಿಕೊಳ್ಳುವುದಿಲ್ಲ. ಗಾಣದ ಹಸಿ ಹೊಂಗೆ ಎಣ್ಣೆಯನ್ನಂತೂ ಕಾರಿಗೆ ಹಾಕಲೇಬಾರದು. ಮೆಥನಾಲ್ ಸೇರಿಸಿ ಗ್ಲಿಸರಿನ್ ಬೇರ್ಪಡಿಸಿ ತೊಳೆದ ಮೇಲೆ ಮಾತ್ರ ಅದು ಬಯೋಡೀಸೆಲ್.

ಕ್ವಾಲಿಸ್ ಕಾಲದ ಹಳೇ ಇನ್‌ಡೈರೆಕ್ಟ್ ಇಂಜೆಕ್ಷನ್ ಗಾಡಿಗಳು (ಇಂಧನವನ್ನು ಮೊದಲು ಪಕ್ಕದ ಸಣ್ಣ ಕೋಣೆಗೆ ಚಿಮ್ಮಿಸುವಂಥವು) ಇದಕ್ಕಿಂತ ಜಾಸ್ತಿ ಸಹಿಸಿಕೊಳ್ಳುತ್ತವೆ. ಆದರೆ ಅವುಗಳಿಗೆ 15 ವರ್ಷ ದಾಟಿದೆ. ಎಫ್‌ಸಿ ಇನ್ನೂ ಎಷ್ಟು ದಿನ ಇದೆ ಎಂದು ಆರ್‌ಸಿಯಲ್ಲಿ ನೋಡಿ. ಹಳೇ ರಬ್ಬರ್ ಪೈಪುಗಳನ್ನು ತೆಗೆಸಿ ಬಯೋಡೀಸೆಲ್ ತಾಳುವ ವೈಟಾನ್ ರಬ್ಬರಿನವು ಹಾಕಿಸುವ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಬಿಎಸ್6 ಗಾಡಿ, ಅಂದರೆ ಏಪ್ರಿಲ್ 2020ರ ಆಚೆಯದು, ಈ ಕೆಲಸಕ್ಕೆ ಬೇಡವೇ ಬೇಡ. ಹೆಚ್ಚಿನವುಗಳಲ್ಲಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಆ ಮಸಿ ಸುಡಲು ಎಷ್ಟೋ ಇಂಜಿನ್‌ಗಳು ಸಿಲಿಂಡರಿಗೆ ತಡವಾಗಿ ಇನ್ನಷ್ಟು ಇಂಧನ ಬಿಡುತ್ತವೆ. ಅದರಲ್ಲಿ ಸ್ವಲ್ಪ ಗೋಡೆಗುಂಟ ಇಳಿದು ಇಂಜಿನ್ ಆಯಿಲ್‌ಗೆ ಸೇರುತ್ತದೆ. ಡೀಸೆಲ್ ಆದರೆ ಬಿಸಿಗೆ ಬಹುಪಾಲು ಆವಿಯಾಗಿ ಹೋಗುತ್ತದೆ. ಬಯೋಡೀಸೆಲ್ ಅಷ್ಟು ಸುಲಭಕ್ಕೆ ಆವಿಯಾಗಲ್ಲ, ಆಯಿಲ್ ತೆಳ್ಳಗಾಗುತ್ತಾ ಹೋಗುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರಿದ್ದು ಕಂಡರೆ ಖುಷಿ ಪಡಬೇಡಿ, ತಕ್ಷಣ ಬದಲಿಸಿ.

ಇಂಧನದ ಕಡೆಗೂ ಕಣ್ಣಿಡಿ. ಹೆದ್ದಾರಿ ಪಕ್ಕದಲ್ಲಿ 'ಬಯೋ ಡೀಸೆಲ್' ಎಂದು ಬೋರ್ಡ್ ಹಾಕಿ ಬೇರೆ ಯಾವುದೋ ಪೆಟ್ರೋಲಿಯಂ ಎಣ್ಣೆ ಮಾರುವವರಿದ್ದಾರೆ. ನೂರಕ್ಕೆ ನೂರು ಬಯೋಡೀಸೆಲ್‌ಗೆ ನಮ್ಮ ದೇಶದ ಮಾನಕ ಐಎಸ್ 15607. ಆ ಪರೀಕ್ಷೆಯ ವರದಿ ಕೇಳಿ, ಬಿಲ್ ಕೇಳಿ. ಸುಲಭದ ಪರೀಕ್ಷೆಯೂ ಇದೆ: 27 ಮಿಲಿ ಮೆಥನಾಲ್‌ಗೆ 3 ಮಿಲಿ ಬಯೋಡೀಸೆಲ್ ಹಾಕಿ ಕುಲುಕಿ ಬಿಡಿ. ಸರಿಯಾಗಿ ತಯಾರಾಗಿದ್ದರೆ ಪೂರ್ತಿ ಕರಗುತ್ತದೆ. ಹಸಿ ಎಣ್ಣೆಯೋ ಖನಿಜ ಎಣ್ಣೆಯೋ ಬೆರೆತಿದ್ದರೆ ತಳದಲ್ಲಿ ನಿಲ್ಲುತ್ತದೆ. ಮೆಥನಾಲ್ ವಿಷ, ಬೇಗ ಹೊತ್ತಿಕೊಳ್ಳುತ್ತದೆ. ಮಕ್ಕಳಿಂದ, ಬೆಂಕಿಯಿಂದ ದೂರ ಗಾಳಿಯಾಡುವ ಜಾಗದಲ್ಲಿ ಮಾಡಿ.

ಬಯೋಡೀಸೆಲ್ ಕೆಟ್ಟದ್ದು ಅಂತ ಯಾರೂ ತಿಳಿಯಬಾರದು. ಡೀಸೆಲ್‌ನ ಮಾನಕ ಐಎಸ್ 1460 ಪ್ರಕಾರ ಮಾಮೂಲಿ ಡೀಸೆಲ್‌ನಲ್ಲೇ 7% ವರೆಗೆ ಬಯೋಡೀಸೆಲ್ ಬೆರೆಸಲು ಅವಕಾಶ ಇದೆ. ಅದಕ್ಕಿಂತ ಜಾಸ್ತಿ ಬೆರೆಸಬೇಕೆಂದರೆ ಗಾಡಿಯ ಓನರ್ಸ್ ಮ್ಯಾನುಯಲ್ ಏನು ಹೇಳುತ್ತದೆ ಎಂದು ಓದಿ, ಡೀಲರ್ ಮಾತು ಬಿಡಿ. "ಹಿಂದಿನ ಓನರ್ ಬಯೋ ಹಾಕ್ತಿದ್ರು" ಎಂದು ಯಾರಾದರೂ ಹೇಳಿದರೆ, ಎಲ್ಲಿ ತುಂಬಿಸಿದ್ದು ಎಂಬುದಕ್ಕೆ ಬಿಲ್ ಮತ್ತು ಫಿಲ್ಟರ್ ಬದಲಿಸಿದ ಸರ್ವೀಸ್ ದಾಖಲೆ ಎರಡನ್ನೂ ಕೇಳಿ. ಎರಡೂ ಇಲ್ಲದಿದ್ದರೆ ಬೇರೆ ಗಾಡಿ ಹುಡುಕಿ.