ಸೇಬಾ ದ್ವೀಪದ ಓಡಾಟ: ರಸ್ತೆಗೆ ಪೂರ್ಣ ಅಂಕ, ದೋಣಿಗೆ ಅಷ್ಟಿಲ್ಲ

ರಸ್ತೆ ಕಾಮಗಾರಿಗಳ ಅಂದಾಜುಪಟ್ಟಿ ಬರೆಯುವುದು ನನ್ನ ಹೊಟ್ಟೆಪಾಡು. ಹಾಗಾಗಿ ಕೆರಿಬಿಯನ್ ಸಮುದ್ರದ ಸೇಬಾ ದ್ವೀಪದ ಕುರಿತ ಈ ಬರಹದಲ್ಲಿ ಹೋಟೆಲು, ಊಟದ ವರ್ಣನೆ ಸಿಗುವುದಿಲ್ಲ. ತಲುಪುವುದು ಹೇಗೆ, ತಲುಪಿದ ಮೇಲೆ ಓಡಾಡುವುದು ಹೇಗೆ, ಇಷ್ಟೇ ನನ್ನ ವಿಷಯ. ಮರಳಿನ ಮೇಲೆ ಮೈಚಾಚುವ ಆಸೆಯಿದ್ದವರು ಬೇರೆ ದ್ವೀಪ ನೋಡಿಕೊಳ್ಳುವುದು ಒಳ್ಳೆಯದು. ಸುಮಾರು 13 ಚದರ ಕಿಲೋಮೀಟರಿನ ಈ ಜ್ವಾಲಾಮುಖಿ ಬೆಟ್ಟ ಸಮುದ್ರದಿಂದ ನೆಟ್ಟಗೆ ಎದ್ದು ನಿಂತಿದೆ. ಹೇಳಿಕೊಳ್ಳುವಂಥ ಮರಳತೀರ ಇಲ್ಲಿಲ್ಲ.

ಸೇಬಾಕ್ಕೆ ಹೋಗುವವರು ಸಾಮಾನ್ಯವಾಗಿ ಪಕ್ಕದ ಸಿಂಟ್ ಮಾರ್ಟೆನ್ ದ್ವೀಪದ ಮೂಲಕವೇ ಹೋಗುತ್ತಾರೆ. ಅಲ್ಲಿಂದ ವಿಮಾನವೂ ಇದೆ, ದೋಣಿಯೂ ಇದೆ. ವಿಮಾನವೆಂದರೆ ಎರಡು ಪಂಖದ, ಹತ್ತೊಂಬತ್ತು ಆಸನಗಳ ಟ್ವಿನ್ ಆಟರ್. ಹಾರಾಟ ಕಾಲು ಗಂಟೆಯೂ ಹಿಡಿಯುವುದಿಲ್ಲ. ಇಳಿಯುವ ಓಡುದಾರಿಯ ಉದ್ದ ಸುಮಾರು 400 ಮೀಟರ್; ಎರಡೂ ತುದಿಯಲ್ಲಿ ಕಡಿದಾದ ಬಂಡೆ, ಅದರ ಕೆಳಗೆ ಸಮುದ್ರ. ಪ್ರಪಂಚದ ವಾಣಿಜ್ಯ ವಿಮಾನ ನಿಲ್ದಾಣಗಳ ಪೈಕಿ ಇಷ್ಟು ಗಿಡ್ಡ ಓಡುದಾರಿ ಇನ್ನೊಂದಿಲ್ಲ ಎನ್ನುತ್ತಾರೆ. ಗಾಲಿ ನೆಲ ಮುಟ್ಟಿತೋ ಇಲ್ಲವೋ, ವಿಮಾನ ನಿಂತೇಬಿಟ್ಟಿತ್ತು. ನನಗೆ ಭಯವಾಗಲಿಲ್ಲ, ಅಳತೆ ಹಾಕುವ ಚಪಲವಾಯಿತು. ದೂರು ಒಂದೇ: ನನ್ನ ಚೀಲ ನನ್ನ ಜೊತೆ ಬರಲಿಲ್ಲ, ಮುಂದಿನ ಹಾರಾಟದಲ್ಲಿ ಬಂತು. ಪುಟ್ಟ ವಿಮಾನಕ್ಕೆ ತೂಕದ ಲೆಕ್ಕ ಬಿಗಿ, ಅದು ಅರ್ಥವಾಗುತ್ತದೆ. ಕೌಂಟರಿನಲ್ಲೇ ಒಂದು ಮಾತು ಹೇಳಿದ್ದರೆ ಔಷಧಿಯ ಡಬ್ಬಿಯನ್ನಾದರೂ ಕೈಯಲ್ಲಿ ಇಟ್ಟುಕೊಳ್ಳುತ್ತಿದ್ದೆ.

ಹಿಂದಿರುಗಿದ್ದು ದೋಣಿಯಲ್ಲಿ. ಒಂದೂಕಾಲು ಗಂಟೆಗೂ ಮಿಕ್ಕಿದ ಪ್ರಯಾಣ, ಅಲೆಗಳ ಕುಲುಕಾಟ. ದೋಣಿ ಎಲ್ಲ ದಿನ ಓಡುವುದಿಲ್ಲ, ಸಮುದ್ರ ಕೆರಳಿದರೆ ಓಡುವುದೇ ಇಲ್ಲ. ವಾಂತಿಯ ಮಾತ್ರೆ ನುಂಗಿಯೇ ಹತ್ತಿ. ದೊಡ್ಡ ವಿಮಾನ ಹಿಡಿಯಬೇಕಾದ ದಿನವೇ ಸೇಬಾದಿಂದ ಹೊರಡುವ ಧೈರ್ಯ ಮಾಡಬೇಡಿ, ನಡುವೆ ಒಂದು ರಾತ್ರಿ ಸಿಂಟ್ ಮಾರ್ಟೆನ್‌ನಲ್ಲಿ ಇರಲಿ. ಕಾಗದಪತ್ರದ ವಿಚಾರವನ್ನೂ ಹೇಳಿಬಿಡುತ್ತೇನೆ. 2010ರ ಅಕ್ಟೋಬರ್ 10ರಿಂದ ಸೇಬಾ ನೆದರ್ಲೆಂಡ್ಸಿನ ವಿಶೇಷ ಪುರಸಭೆ. ಆದರೂ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಷೆಂಗೆನ್ ವಲಯಕ್ಕೆ ಸೇರಿಲ್ಲ, ನಡೆಯುವುದು ಯೂರೋ ಅಲ್ಲ, ಅಮೆರಿಕದ ಡಾಲರ್. ಹೊರಡುವ ಮೊದಲೇ ವೀಸಾ ನಿಯಮ ವಿಚಾರಿಸಿಕೊಳ್ಳಿ.

ಇನ್ನು ರಸ್ತೆ. ದ್ವೀಪದವರು ಅದನ್ನು ಬರೀ 'ದ ರೋಡ್' ಎನ್ನುತ್ತಾರೆ. ಬೇರೆ ಹೆಸರು ಬೇಕಾಗಿಯೂ ಇಲ್ಲ. ಈ ಕಡಿದಾದ ಬೆಟ್ಟದಲ್ಲಿ ರಸ್ತೆ ಅಸಾಧ್ಯ ಎಂದು ಡಚ್ ಎಂಜಿನಿಯರುಗಳು ಕೈಚೆಲ್ಲಿದ್ದರಂತೆ. ಜೋಸೆಫಸ್ ಲ್ಯಾಂಬರ್ಟ್ ಹ್ಯಾಸೆಲ್ ಎಂಬ ಸ್ಥಳೀಯರು ಅಂಚೆಯ ಮೂಲಕ ಎಂಜಿನಿಯರಿಂಗ್ ಪಾಠ ಕಲಿತು, ಊರವರನ್ನು ಕಟ್ಟಿಕೊಂಡು 1938ರಲ್ಲಿ ಕೆಲಸ ಆರಂಭಿಸಿದರು. ಯಂತ್ರಗಳಿಲ್ಲ, ಎಲ್ಲವೂ ಕೈಕೆಲಸ. ಫೋರ್ಟ್ ಬೇ ಬಂದರಿನಿಂದ ದ ಬಾಟಮ್ ಊರಿನವರೆಗಿನ ಮೊದಲ ಭಾಗ ಮುಗಿದದ್ದು 1943ರಲ್ಲಿ. ಮೊದಲ ಮೋಟಾರು ವಾಹನ ಬಂದದ್ದು 1947ರಲ್ಲಿ. ಇಡೀ ರಸ್ತೆ ಪೂರ್ಣವಾದದ್ದು 1958ರಲ್ಲಿ. ಪದವಿ ಪತ್ರ ಗೋಡೆಗೆ ತೂಗುಹಾಕಿಕೊಂಡ ನನ್ನಂಥವರು ಇಲ್ಲಿ ತುಸು ತಲೆ ತಗ್ಗಿಸಬೇಕು. ಕಾಂಕ್ರೀಟು, ಪಕ್ಕದಲ್ಲಿ ಕಲ್ಲಿನ ತಡೆಗೋಡೆ, ಸುತ್ತಿಟ್ಟ ಹಗ್ಗದಂತೆ ಒಂದರ ಮೇಲೊಂದು ಹೇರ್‌ಪಿನ್ ತಿರುವು. ಒಂದು ತಿರುವಿನಲ್ಲಿ ಟ್ಯಾಕ್ಸಿ ನಿಲ್ಲಿಸಿ, ಬಗ್ಗಿ ಗೋಡೆಯ ಬುಡ, ನೀರು ಹೋಗುವ ದಾರಿ ನೋಡುತ್ತಿದ್ದಾಗ ಚಾಲಕರು, "ಏನಾದರೂ ಬೀಳಿಸಿಕೊಂಡಿರಾ?" ಎಂದು ಕೇಳಿದರು. ಇಳಿಜಾರು ಎಷ್ಟು ಕಡಿದೆಂದರೆ ನಮ್ಮ ಇಲಾಖೆಯ ಯಾವ ಪರಿಶೀಲಕರೂ ಸಹಿ ಹಾಕುವುದಿಲ್ಲ. ಆದರೂ ದ್ವೀಪದ ಜೀವನವೆಲ್ಲ ಇದರ ಮೇಲೆಯೇ ಸಾಗುತ್ತಿದೆ.

ನಾನು ಹೋದಾಗ ಊರಿನ ಬಸ್ ಸೇವೆ ಇರಲಿಲ್ಲ. ಟ್ಯಾಕ್ಸಿಗೆ ಮೀಟರ್ ಇಲ್ಲ, ನಿಗದಿತ ದರ. ಬಂದರಿನಿಂದ ಅಥವಾ ವಿಮಾನ ನಿಲ್ದಾಣದಿಂದ ಸಾಮಾನು ಹೊತ್ತು ಹೋಗುವುದಕ್ಕೆ ಅದೇ ಸರಿ. ಬಾಡಿಗೆ ಕಾರು ಬೇಡವೆಂದೇ ನನ್ನ ಸಲಹೆ. ಅಗಲ ಕಡಿಮೆ, ನಿಲ್ಲಿಸಲು ಜಾಗ ಕಡಿಮೆ, ಪೆಟ್ರೋಲ್ ಬಂಕ್ ಇಡೀ ದ್ವೀಪಕ್ಕೆ ಒಂದೇ, ಅದೂ ಕೆಳಗೆ ಫೋರ್ಟ್ ಬೇಯಲ್ಲಿ. ಉಳಿದ ಓಡಾಟಕ್ಕೆ ಇಲ್ಲಿನವರ ಪದ್ಧತಿಯೇ ಉತ್ತಮ: ರಸ್ತೆ ಬದಿಯಲ್ಲಿ ನಿಂತು ಕೈ ತೋರಿಸುವುದು. ವಿಂಡ್‌ವರ್ಡ್‌ಸೈಡ್ ಎಂಬ ಊರಿನಲ್ಲಿ ನನ್ನನ್ನು ಹತ್ತಿಸಿಕೊಂಡ ಪಿಕಪ್‌ನ ಹೆಂಗಸು ದ ಬಾಟಮ್ ಮುಟ್ಟುವಷ್ಟರಲ್ಲಿ ನನ್ನ ಸಂಬಳ, ಸಂಸಾರ ಎರಡನ್ನೂ ವಿಚಾರಿಸಿ ಮುಗಿಸಿದ್ದರು. ಹಣ ಕೊಡಹೋದರೆ ಬೈದರು.

ಕಾಲ್ನಡಿಗೆಯ ದಾರಿಗಳು ಈ ರಸ್ತೆಗಿಂತ ಹಳೆಯವು. 887 ಮೀಟರ್ ಎತ್ತರದ ಮೌಂಟ್ ಸೀನರಿ ಇಡೀ ನೆದರ್ಲೆಂಡ್ಸ್ ಅರಸೊತ್ತಿಗೆಯಲ್ಲೇ ಅತಿ ಎತ್ತರದ ಸ್ಥಳ. ವಿಂಡ್‌ವರ್ಡ್‌ಸೈಡ್ ಕಡೆಯಿಂದ 1,064 ಮೆಟ್ಟಿಲು. ಮೇಲೆ ಮೋಡ ಕವಿದಿದ್ದರೆ ಕಾಣುವುದು ಪಾಚಿ ಹತ್ತಿದ ಮರಗಳಷ್ಟೇ, ಕಲ್ಲು ಜಾರುತ್ತದೆ, ಹಿಡಿತವಿರುವ ಬೂಟು ಬೇಕೇಬೇಕು. ಬಂದರು ಆಗುವ ಮುನ್ನ ಸಾಮಾನೆಲ್ಲ ತಲೆಹೊರೆಯಾಗಿ ಏರುತ್ತಿದ್ದ 'ದ ಲ್ಯಾಡರ್' ಎಂಬ ಸುಮಾರು 800 ಮೆಟ್ಟಿಲಿನ ದಾರಿಯನ್ನೂ ಇಳಿದು ಹತ್ತಬಹುದು. ಮಂಡಿನೋವು ಇದ್ದವರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ, ಅದೂ ಬೆಳಗ್ಗೆ ಬೇಗ. ಎರಡನ್ನೂ ಒಂದೇ ದಿನ ಮಾಡುವವರಿಗೆ ಮರುದಿನ ಟ್ಯಾಕ್ಸಿಯ ಮೆಟ್ಟಿಲೂ ದೂರವೇ.